ಹಾಡಿಯ ಹೆಣ್ಣುಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡಬೇಕು ಅಂತಿದ್ದೇವೆ, ಎಲ್ಲಿಂದ ಶುರು ಮಾಡೋಣ?

ಕಪಿಲಾ_ತೀರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾವು ಒಂಬತ್ತು ಜನ ಗೆಳತಿಯರು, ಮೈಸೂರಿನಲ್ಲಿ ಒಟ್ಟಿಗೆ ಡಿಗ್ರಿ ಓದಿದವರು. ಈಗ ಒಬ್ಬೊಬ್ಬರು ಒಂದೊಂದು ಊರಿನಲ್ಲಿದ್ದೇವೆ. ತಿಂಗಳಿಗೆ ತಲಾ ಸಾವಿರ ರೂಪಾಯಿ ಎತ್ತಿಟ್ಟರೆ ವರ್ಷಕ್ಕೆ 1,08,000 ಆಗುತ್ತದೆ. ಈ ದುಡ್ಡನ್ನು ಎಚ್.ಡಿ. ಕೋಟೆ, ಸರಗೂರು ಕಡೆ ಹಾಡಿಗಳಲ್ಲಿರುವ (ಕಾಡಂಚಿನ ಆದಿವಾಸಿಗಳ ಪುಟ್ಟ ಊರುಗಳು) ಹೆಣ್ಣುಮಕ್ಕಳ ಓದಿಗೆ ಕೊಡೋಣ ಅಂತ ಮಾತಾಡಿಕೊಂಡಿದ್ದೇವೆ.

ಯಾಕೆ ಅಂದರೆ, ಹೋದ ಡಿಸೆಂಬರ್‌ನಲ್ಲಿ ಪರಿಚಯದವರ ಜೊತೆ ಒಂದು ಜೇನುಕುರುಬರ ಹಾಡಿಗೆ ಹೋಗಿದ್ದೆ. ಅಲ್ಲಿ ಒಬ್ಬಳು ಹುಡುಗಿ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್. ಮಾರನೇ ದಿನ ಕೊಡಗಿನ ಕಾಫಿ ತೋಟಕ್ಕೆ ಹಣ್ಣು ಬಿಡಿಸಲು ಹೊರಟಿದ್ದಳು. "ಯಾಕಮ್ಮಾ, ಕಾಲೇಜಿಗೆ ಸೇರಲಿಲ್ವಾ?" ಅಂದೆ. "ಸೇರಿದ್ದೆ ಅಕ್ಕ, ಎರಡು ತಿಂಗಳು ಹೋದೆ" ಅಂದಳು. ಅಷ್ಟೇ ಹೇಳಿದ್ದು. ನಾನೂ ಮುಂದೆ ಕೇಳಲಿಲ್ಲ. ಆದರೆ ಆ ಎರಡು ತಿಂಗಳು ಅನ್ನೋ ಮಾತು ಮನೆಗೆ ಬಂದ ಮೇಲೂ ಬಿಡಲಿಲ್ಲ.

ನಮ್ಮಲ್ಲಿ ಈಗ ಚರ್ಚೆ ಏನು ಅಂದರೆ, ಎಸ್‌ಟಿ ಮಕ್ಕಳಿಗೆ ಸರ್ಕಾರದ ಸ್ಕಾಲರ್‌ಶಿಪ್ ಇದ್ದೇ ಇದೆ, ಹಾಸ್ಟೆಲ್ ಇದೆ, 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸೂ ಫ್ರೀ. ಹಾಗಿರುವಾಗ ನಮ್ಮ ದುಡ್ಡಿಗೆ ಅಲ್ಲಿ ಏನು ಕೆಲಸ? ಒಬ್ಬಳು ಹೇಳುತ್ತಾಳೆ, ಪ್ರತಿ ವರ್ಷ ಹೆಚ್ಚು ಅಂಕ ತೆಗೆದ ಹತ್ತು ಜನರಿಗೆ ಹತ್ತತ್ತು ಸಾವಿರ ಕೊಟ್ಟುಬಿಡೋಣ, ಸುಲಭ. ಇನ್ನೊಬ್ಬಳು, ಒಬ್ಬಳನ್ನೇ ಹಿಡಿದು ಕೆಲಸ ಸಿಗೋವರೆಗೂ ಓದಿಸೋಣ ಅಂತಾಳೆ. ಮತ್ತೊಬ್ಬಳು, ಬರೀ ಹೆಣ್ಣುಮಕ್ಕಳಿಗೆ ಮಾತ್ರ ಯಾಕೆ ಅಂತ ಕೇಳಿದಳು. ನನಗೆ ಉತ್ತರ ಗೊತ್ತು ಅನ್ನಿಸುತ್ತದೆ, ಹೇಳಲು ಬರಲಿಲ್ಲ.

ಇದರೊಳಗೆ ಕೆಲಸ ಮಾಡಿದವರು, ಸ್ವತಃ ಹಾಡಿಗಳಿಂದ, ಸೋಲಿಗರ ಊರುಗಳಾದ ಪೋಡುಗಳಿಂದ ಓದಿ ಬಂದವರು ಯಾರಾದರೂ ಇದ್ದರೆ ಹೇಳಿ. ನಾವು ತಪ್ಪು ಕಡೆ ದುಡ್ಡು ಹಾಕಬಾರದು.

ನಿವೃತ್ತ_ವಾರ್ಡನ್:

ತಂಗಿ, ನಾನು ಹೆಣ್ಣುಮಕ್ಕಳ ಹಾಸ್ಟೆಲ್‌ಗಳಲ್ಲಿ 26 ವರ್ಷ ವಾರ್ಡನ್ ಆಗಿದ್ದವಳು. ಜಾಸ್ತಿ ಕಾಲ ಹುಣಸೂರು, ಕೋಟೆ ಕಡೆಯೇ. ಆ ಹುಡುಗಿ ಹೇಳಿದ ಎರಡು ತಿಂಗಳಿದೆಯಲ್ಲ, ನಿಮ್ಮ ಪ್ರಶ್ನೆಗೆ ಉತ್ತರ ಅದರೊಳಗೇ ಇದೆ. ಜೂನ್ ಮತ್ತು ಜುಲೈ. ನಾನು ಕಳೆದುಕೊಂಡ ಮಕ್ಕಳಲ್ಲಿ ಮುಕ್ಕಾಲು ಪಾಲು ಹೋಗಿದ್ದು ಆ ಎರಡು ತಿಂಗಳಲ್ಲಿ.

ಹೇಗೆ ಅಂತ ಹೇಳುತ್ತೇನೆ. ಹತ್ತನೇ ಕ್ಲಾಸಿನವರೆಗೆ ಆದಿವಾಸಿ ಮಕ್ಕಳ ಸರ್ಕಾರಿ ಆಶ್ರಮ ಶಾಲೆಯಲ್ಲೋ ವಸತಿ ಶಾಲೆಯಲ್ಲೋ ಇರುತ್ತಾರೆ. ಊಟ, ಬಟ್ಟೆ, ಪುಸ್ತಕ ಎಲ್ಲ ಅಲ್ಲೇ. ರಿಸಲ್ಟ್ ಬಂದ ದಿನ ಆ ನೆರಳು ತಟ್ಟನೆ ಹೋಗುತ್ತದೆ. ಇನ್ನು ಪಿಯುಸಿಗೆ ಕಾಲೇಜು ಬೇರೆ, ಹಾಸ್ಟೆಲ್ ಬೇರೆ, ಅರ್ಜಿ ಬೇರೆ. ಕಾಲೇಜು ಜೂನ್‌ನಲ್ಲಿ ಶುರು. ಹಾಸ್ಟೆಲ್ ಪಟ್ಟಿ ಬರುವುದು ನಿಧಾನ. ಸ್ಕಾಲರ್‌ಶಿಪ್ ಅರ್ಜಿ ಕರೆಯುವುದು ಅದಕ್ಕಿಂತ ನಿಧಾನ, ದುಡ್ಡು ಖಾತೆಗೆ ಬೀಳುವ ಹೊತ್ತಿಗೆ ನಾನು ಕಂಡ ಮಟ್ಟಿಗೆ ವರ್ಷದ ಕೊನೆ ಪರೀಕ್ಷೆ ಹತ್ತಿರ ಬಂದಿರುತ್ತದೆ, ಕೆಲವು ಸಲ ಮುಗಿದೇ ಹೋಗಿರುತ್ತದೆ. ಅಲ್ಲಿಯವರೆಗೆ ಆ ಮಗು ಎಲ್ಲಿ ಮಲಗಬೇಕು, ಏನು ತಿನ್ನಬೇಕು ಅನ್ನುವುದನ್ನು ಯಾವ ಯೋಜನೆಯೂ ಕೇಳುವುದಿಲ್ಲ.

ಕಾಲೇಜು ಶುರುವಾದ ಮೊದಲ ವಾರಕ್ಕೆ ಬೇಕಾದ್ದು ಏನು ಗೊತ್ತಾ? ಒಂದು ಟ್ರಂಕು, ಬಕೆಟ್ಟು, ಚಾಪೆ, ಹೊದಿಕೆ, ಎರಡು ಜೊತೆ ಒಳ್ಳೆ ಬಟ್ಟೆ, ಕೊಡೆ, ನೋಟ್ ಬುಕ್ಕು, ಫೋಟೋ, ಜೆರಾಕ್ಸು. ನಾಲ್ಕೈದು ಸಾವಿರ. ಮಳೆಗಾಲ ಶುರುವಾಗಿರುತ್ತದೆ, ಮನೆಯಲ್ಲಿ ಕೂಲಿ ಇರುವುದಿಲ್ಲ. ಆ ನಾಲ್ಕೈದು ಸಾವಿರ ಇಲ್ಲದೆ ಓದು ನಿಂತ ಹುಡುಗಿಯರ ಮುಖ ನನಗೆ ಈಗಲೂ ಒಂದೊಂದಾಗಿ ನೆನಪಿದೆ.

ಸರ್ಕಾರದ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಒಳ್ಳೆಯ ಯೋಜನೆ, ಅದನ್ನು ಬೈಯಲು ನಾನು ತಯಾರಿಲ್ಲ. ನೂರಕ್ಕೆ 75 ಕೇಂದ್ರದ್ದು, 25 ರಾಜ್ಯದ್ದು. ಮನೆಯ ವರ್ಷದ ಆದಾಯ ಎರಡೂವರೆ ಲಕ್ಷದ ಒಳಗಿರಬೇಕು. ಕಾಲೇಜಿನ ಫೀಸು ಅದರಲ್ಲಿ ಬರುತ್ತದೆ. ಕೈಖರ್ಚಿಗೆ ಅಂತ ಕೊಡುವುದು ಮಾತ್ರ ತೀರಾ ಕಡಿಮೆ. 2010ರಲ್ಲಿ ಕೇಂದ್ರ ದರ ಏರಿಸಿದಾಗ ಪಿಯುಸಿ ಮಕ್ಕಳಿಗೆ ನಿಗದಿಯಾಗಿದ್ದು, ಮನೆಯಿಂದ ಓಡಾಡುವವರಿಗೆ ತಿಂಗಳಿಗೆ 230 ರೂಪಾಯಿ, ಹಾಸ್ಟೆಲ್‌ನಲ್ಲಿ ಇರುವವರಿಗೆ 380.

ಹಾಗಾಗಿ ನಿಮ್ಮ ದುಡ್ಡು ಫೀಸಿಗೆ ಬೇಡ. ಜೂನ್ ಒಂದನೇ ತಾರೀಖಿಗೆ ಅವಳ ಕೈಗೆ 5,000 ಸಿಗಲಿ. ಆಮೇಲೆ ತಿಂಗಳಿಗೆ ಸಾವಿರದಂತೆ ಹತ್ತು ತಿಂಗಳು ಹಾಕಿ. ಒಬ್ಬಳಿಗೆ ವರ್ಷಕ್ಕೆ 15,000 ಆಯಿತು. ನಿಮ್ಮ ಹತ್ತಿರ ಇರುವುದರಲ್ಲಿ ಒಟ್ಟು ಏಳು ಜನರನ್ನು ನೋಡಿಕೊಳ್ಳಬಹುದು. ಆದರೆ ಮೊದಲ ವರ್ಷವೇ ಏಳು ಜನರನ್ನು ತೆಗೆದುಕೊಳ್ಳಬೇಡಿ. ಈ ವರ್ಷ ಮೂವರು, ಮುಂದಿನ ವರ್ಷ ಇಬ್ಬರು, ಅದರಾಚೆ ವರ್ಷ ಇನ್ನಿಬ್ಬರು. ಯಾಕೆ ಅಂದರೆ ಹಿಡಿದವಳನ್ನು ನಡುವೆ ಬಿಡಬಾರದು. ಒಂದು ವರ್ಷ ಕೊಟ್ಟು ನಿಲ್ಲಿಸುವುದು ಏನೂ ಕೊಡದೇ ಇರುವುದಕ್ಕಿಂತ ಕೆಟ್ಟದ್ದು, ಅವಳು ಅದನ್ನು ನಂಬಿಕೊಂಡು ಮನೆಯಲ್ಲಿ ಜಗಳ ಮಾಡಿ ಬಂದಿರುತ್ತಾಳೆ.

ಇನ್ನು ಅಂಕದ ಮಾತು. ದಯವಿಟ್ಟು ಅಂಕ ನೋಡಬೇಡಿ. ಚೆನ್ನಾಗಿ ಅಂಕ ತೆಗೆದವರಿಗೆ ಸರ್ಕಾರದ್ದೇ ಪ್ರೈಜ್ ಮನಿ ಇದೆ, ಮೊದಲ ಸಲಕ್ಕೇ ಫಸ್ಟ್ ಕ್ಲಾಸ್‌ನಲ್ಲಿ ಪಾಸಾದರೆ ಪಿಯುಸಿಗೆ 20,000, ಡಿಗ್ರಿಗೆ 25,000. ಯಾರೂ ನೋಡದೇ ಇರುವವರು ಇಂಗ್ಲಿಷ್‌ನಲ್ಲೋ ಗಣಿತದಲ್ಲೋ ಒಂದು ವಿಷಯ ಹೋದವರು. ಎರಡನೇ ಅವಕಾಶದ ಪರೀಕ್ಷೆ-2 ಬರೆದರೆ ಪಾಸಾಗುತ್ತಾರೆ. ಆದರೆ ಪರೀಕ್ಷೆ-1ರ ರಿಸಲ್ಟ್ ಬರುವ ಹೊತ್ತಿಗೆ ಬೇಸಿಗೆ ರಜೆ, ಹಾಸ್ಟೆಲ್‌ಗೆ ಬೀಗ. ಹುಡುಗಿ ಅಪ್ಪ ಅಮ್ಮನ ಜೊತೆ ಕೊಡಗಿಗೋ ವಯನಾಡಿಗೋ ಶುಂಠಿ ಕೆಲಸಕ್ಕೆ ಹೋಗಿರುತ್ತಾಳೆ. ಫೀಸು ಕಟ್ಟುವ ಕೊನೆ ದಿನ ಅವಳಿಗೆ ತಿಳಿಯುವುದೇ ಇಲ್ಲ. ಆ ಒಂದು ತಿಂಗಳು ಅವಳನ್ನು ಕೋಟೆಯಲ್ಲೋ ಹುಣಸೂರಿನಲ್ಲೋ ಯಾರದಾದರೂ ಮನೆಯಲ್ಲಿ ಇಟ್ಟುಕೊಂಡು ಗಣಿತ ಹೇಳಿಕೊಡುವವರು ಇದ್ದರೆ ಅದಕ್ಕಿಂತ ದೊಡ್ಡ ಸ್ಕಾಲರ್‌ಶಿಪ್ ಬೇರೆ ಇಲ್ಲ.

ಗ್ರಾಮಒನ್_ಹುಣಸೂರು:

ಮೇಡಂ ಹೇಳಿದ್ದು ಪೂರ್ತಿ ನಿಜ. ನಾನು ಸರ್ಕಾರಿ ಅರ್ಜಿಗಳನ್ನು ತುಂಬಿಕೊಡುವ ಗ್ರಾಮ ಒನ್ ಕೇಂದ್ರದವನು, ಆ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ನಿಮಗೆ ಈ ವಿಷಯ ಗೊತ್ತಿದ್ದರೆ ಒಂದು ರೂಪಾಯಿ ಖರ್ಚಿಲ್ಲದೆ ಎಷ್ಟೋ ಮಕ್ಕಳಿಗೆ ಸರ್ಕಾರದ ದುಡ್ಡು ಕೊಡಿಸಬಹುದು.

ಸ್ಕಾಲರ್‌ಶಿಪ್ ಮಂಜೂರು ಅಂತ ಪೋರ್ಟಲ್‌ನಲ್ಲಿ ತೋರಿಸುತ್ತದೆ, ಖಾತೆಗೆ ಬರುವುದಿಲ್ಲ. ಇದು ನನ್ನ ಅಂಗಡಿಗೆ ವಾರಕ್ಕೆ ಎರಡಾದರೂ ಬರುವ ಕೇಸು. ಕಾರಣ ಬಹಳ ಸಲ ಒಂದೇ. ದುಡ್ಡು ಹೋಗುವುದು ನೀವು ಅರ್ಜಿಯಲ್ಲಿ ಬರೆದ ಅಕೌಂಟಿಗೆ ಅಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಅಕೌಂಟಿಗೆ. ಎನ್‌ಪಿಸಿಐ ಮ್ಯಾಪಿಂಗ್ ಅನ್ನುತ್ತಾರೆ. ಆಶ್ರಮ ಶಾಲೆಯಲ್ಲಿದ್ದಾಗ ಯಾರೋ ಒಂದು ಖಾತೆ ತೆರೆಸಿರುತ್ತಾರೆ, ಆಮೇಲೆ ಸಿಮ್ ಕೊಡುವವನು ಬೆರಳು ಒತ್ತಿಸಿಕೊಂಡು ಇನ್ನೊಂದು ತೆರೆದಿರುತ್ತಾನೆ, ಹುಡುಗಿಗೆ ಗೊತ್ತೇ ಇರುವುದಿಲ್ಲ. ಎರಡು ವರ್ಷ ವ್ಯವಹಾರ ಇಲ್ಲದಿದ್ದರೆ ಖಾತೆ ನಿಂತು ಹೋಗುತ್ತದೆ. ದುಡ್ಡು ಬಂದು ವಾಪಸ್ ಹೋಗುತ್ತದೆ.

ಎರಡನೇದು ಹೆಸರು. ಆಧಾರ್‌ನಲ್ಲಿ ಒಂದು, ಮಾರ್ಕ್ಸ್ ಕಾರ್ಡ್‌ನಲ್ಲಿ ಒಂದು. ಹಾಡಿಯಲ್ಲಿ ಕರೆಯುವ ಹೆಸರೇ ಬೇರೆ ಇರುತ್ತದೆ, ಶಾಲೆಗೆ ಸೇರಿಸುವಾಗ ಮೇಷ್ಟ್ರು ತಮಗೆ ತೋಚಿದ ಹೆಸರು ಬರೆದಿರುತ್ತಾರೆ. ಎಂಟನೇ ಕ್ಲಾಸಿನಲ್ಲೇ ಸರಿ ಮಾಡಿಸಿದರೆ ಸುಲಭ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಬಂದ ಮೇಲೆ ಅಲೆದಾಟ ಶುರು.

ಜಾತಿ ಪ್ರಮಾಣಪತ್ರ ಎಸ್‌ಟಿಯವರಿಗೆ ಒಮ್ಮೆ ತೆಗೆಸಿದರೆ ಸಾಕು, ಜೀವನಪೂರ್ತಿ ನಡೆಯುತ್ತದೆ. ಆದಾಯದ್ದು ಐದು ವರ್ಷ. ಏಳನೇ ಕ್ಲಾಸಿನಲ್ಲಿ ಮಾಡಿಸಿದ್ದು ಪಿಯುಸಿಗೆ ಬರುವಷ್ಟರಲ್ಲಿ ಮುಗಿಯುವ ಹಂತದಲ್ಲಿರುತ್ತದೆ, ಅದನ್ನು ಯಾರೂ ನೋಡಿರುವುದಿಲ್ಲ. ಮೇ ತಿಂಗಳಲ್ಲೇ ನಾಡಕಚೇರಿಗೆ ಕರೆದುಕೊಂಡು ಹೋಗಿ ಹೊಸದು ಮಾಡಿಸಿ. ತೋಟದ ಲೈನ್ ಮನೆಗಳಲ್ಲಿರುವ ಯರವ ಆದಿವಾಸಿಗಳ ಮಕ್ಕಳಿಗೆ ಇನ್ನೂ ಕಷ್ಟ, ಮನೆ ಮಾಲೀಕರದ್ದು, ವಿಳಾಸಕ್ಕೆ ದಾಖಲೆ ಇಲ್ಲ. ಹಾಸ್ಟೆಲ್ ಅರ್ಜಿಯ ಪೋರ್ಟಲ್ ಬೇರೆ, ಸ್ಕಾಲರ್‌ಶಿಪ್ ಪೋರ್ಟಲ್ ಬೇರೆ, ಒಂದು ಹಾಕಿದ್ದೇವೆ ಇನ್ನೊಂದು ತಾನಾಗಿ ಆಗುತ್ತದೆ ಅಂದುಕೊಂಡು ಕೂತವರನ್ನು ನೋಡಿದ್ದೇನೆ. ಮತ್ತೆ, ಓಟಿಪಿ ಬರುವ ಫೋನು ಅವಳ ಕೈಯಲ್ಲೇ ಇರಲಿ. ಅಪ್ಪನ ನಂಬರ್ ಕೊಟ್ಟರೆ ಅಪ್ಪ ತೋಟದಲ್ಲಿ, ಮಗಳು ನನ್ನ ಅಂಗಡಿಯಲ್ಲಿ, ಹತ್ತು ನಿಮಿಷದಲ್ಲಿ ಓಟಿಪಿ ಮುಗಿದು ಹೋಗುತ್ತದೆ.

ನಿಮ್ಮ ಒಂಬತ್ತು ಜನರಲ್ಲಿ ಒಬ್ಬರಾದರೂ ಮೇ ತಿಂಗಳಲ್ಲಿ ನಾಲ್ಕು ದಿನ ಇಲ್ಲಿಗೆ ಬಂದು ಉಳಿಯುವುದಾದರೆ ನಾನು ಜೊತೆಗೆ ಕೂತು ಎಲ್ಲ ಮಾಡಿಕೊಡುತ್ತೇನೆ.

ಸಂಪಿಗೆ_ಪೋಡು:

ನಾನು ಸೋಲಿಗ ಸಮುದಾಯದವಳು. ಬಿಳಿಗಿರಿರಂಗನ ಬೆಟ್ಟದ ಪೋಡಿನವಳು. ಈಗ ಸ್ಟಾಫ್ ನರ್ಸ್.

ಮೊದಲು ಒಂದು ವಿಷಯ ಹೇಳಬೇಕು. ಹೊರಗಿನವರು ನಮ್ಮ ಬಗ್ಗೆ ಮಾತಾಡುವಾಗ, ಪಾಪ, ಆದಿವಾಸಿಗಳಲ್ಲಿ ಹೆಣ್ಣುಮಕ್ಕಳನ್ನು ಓದಿಸುವುದಿಲ್ಲ ಅನ್ನುತ್ತಾರೆ. ಕೇಳಿದಾಗ ನೋವಾಗುತ್ತದೆ. ನಮ್ಮಲ್ಲಿ ಹೆಣ್ಣು ಹುಟ್ಟಿತು ಅಂತ ಯಾರೂ ಮುಖ ಸಿಂಡರಿಸುವುದಿಲ್ಲ. 2011ರ ಜನಗಣತಿಯಲ್ಲಿ ದೇಶದ ಒಟ್ಟು ಲೆಕ್ಕದಲ್ಲಿ ಸಾವಿರ ಗಂಡಸರಿಗೆ 943 ಹೆಂಗಸರು, ಪರಿಶಿಷ್ಟ ವರ್ಗದಲ್ಲಿ 990. ನನ್ನ ಅಜ್ಜಿ ಕಾಡಿನಿಂದ ನೆಲ್ಲಿಕಾಯಿ, ಪಾಚಿ ತಂದು ಲ್ಯಾಂಪ್ಸ್ ಅನ್ನುವ ಆದಿವಾಸಿಗಳ ಸಹಕಾರ ಸೊಸೈಟಿಗೆ ಹಾಕಿ ಅಜ್ಜನಷ್ಟೇ ದುಡಿದವಳು, ಮನೆಯಲ್ಲಿ ಅವಳ ಮಾತಿಗೆ ಅಷ್ಟೇ ಬೆಲೆ ಇತ್ತು. ನನ್ನನ್ನೂ ಅಣ್ಣನನ್ನೂ ಒಂದೇ ದಿನ ಶಾಲೆಗೆ ಸೇರಿಸಿದರು.

ಭೇದ ಶುರುವಾಗಿದ್ದು ಪೋಡಿನಲ್ಲಿ ಅಲ್ಲ, ದಾರಿಯಲ್ಲಿ. ಅಣ್ಣ ಪಿಯುಸಿಗೆ ಅಂತ ಕೆಳಗೆ ಹೋದಾಗ ಮೊದಲ ಎರಡು ತಿಂಗಳು ಗೆಳೆಯನ ರೂಮಿನಲ್ಲಿ ಮಲಗಿದ. ಕೆಲವು ದಿನ ಬಸ್ ಸ್ಟ್ಯಾಂಡಿನಲ್ಲೂ ಮಲಗಿದ್ದಾನೆ. ಬಸ್ಸು ತಪ್ಪಿದರೆ ಲಾರಿ ಹತ್ತಿ ಬರುತ್ತಿದ್ದ. ನಾನು ಏನು ಮಾಡಲಿ? ಸಂಜೆ ಆರರ ಮೇಲೆ ಆನೆ ದಾರಿ. ಬಸ್ಸು ಈಗ ಫ್ರೀ ಆಗಿರುವುದು ತುಂಬಾ ಒಳ್ಳೆಯದು, ಆದರೆ ಬಸ್ಸು ನಿಲ್ಲುವ ಜಾಗಕ್ಕೆ ಪೋಡಿನಿಂದ ನಾಲ್ಕು ಕಿಲೋಮೀಟರ್ ಕಾಡು. ಹುಡುಗನ ಕಷ್ಟ ಕಷ್ಟವಾಗಿ ಉಳಿಯುತ್ತದೆ, ಹುಡುಗಿಗೆ ಅದೇ ಕಷ್ಟ ಓದು ನಿಲ್ಲಿಸುವ ಕಾರಣ ಆಗಿಬಿಡುತ್ತದೆ. ಬರೀ ಹೆಣ್ಣುಮಕ್ಕಳಿಗೆ ಯಾಕೆ ಅಂತ ಕೇಳಿದ ನಿಮ್ಮ ಗೆಳತಿಗೆ ಇದನ್ನು ಹೇಳಿ.

ನನ್ನ ಕಥೆಯಲ್ಲಿ ದುಡ್ಡು ಕೊಟ್ಟಿದ್ದು ಒಬ್ಬರು ಟೀಚರ್. ತಿಂಗಳಿಗೆ 600 ರೂಪಾಯಿ, ಮನಿ ಆರ್ಡರ್ ಮಾಡುತ್ತಿದ್ದರು, ನಾಲ್ಕು ವರ್ಷ ಒಂದು ತಿಂಗಳೂ ತಪ್ಪಲಿಲ್ಲ. ನನಗೆ ಬರುತ್ತಿದ್ದ ಕಾಗದ ನನ್ನ ಹೆಸರಿಗೆ. ಪೋಡಿನಲ್ಲಿ ಹೆಣ್ಣುಮಗಳ ಹೆಸರಿಗೆ ತಿಂಗಳು ತಿಂಗಳು ದುಡ್ಡು ಬರುವುದು ಅದೇ ಮೊದಲು. ಮದುವೆ ಮಾತು ಬಂದಾಗ ನಮ್ಮಪ್ಪ, "ಅವಳದ್ದು ಇನ್ನೂ ಓದು ನಡೀತೈತೆ, ಅವರು ದುಡ್ಡು ಕಳಿಸ್ತಾವ್ರೆ" ಅಂತ ಹೇಳಿ ಕಳಿಸಿಬಿಟ್ಟರು. ಆ 600 ರೂಪಾಯಿ ನಮ್ಮಪ್ಪನಿಗೆ ಒಂದು ಉತ್ತರ ಆಯಿತು. ಇಲ್ಲದಿದ್ದರೆ ಅವರು ನೆಂಟರ ಮುಂದೆ ಏನು ಹೇಳಬೇಕಿತ್ತು?

ಕಷ್ಟ ಆಮೇಲೂ ಇತ್ತು. ನಾನು ಓದಿದ ನರ್ಸಿಂಗ್ ಕಾಲೇಜಿನಲ್ಲಿ ಸರ್ಕಾರದಿಂದ ನನ್ನ ಫೀಸು ಬಂದಿಲ್ಲ ಅಂತ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡದೆ ಇಟ್ಟುಕೊಂಡರು. ಏಳು ತಿಂಗಳು. ಆ ಏಳು ತಿಂಗಳಲ್ಲಿ ಒಂದು ಸರ್ಕಾರಿ ನೇಮಕಾತಿ ಬಂದು ಹೋಯಿತು, ನನಗೆ ಅರ್ಜಿ ಹಾಕಲು ಆಗಲಿಲ್ಲ. ನಿಮ್ಮ ಹುಡುಗಿಯರ ಪರವಾಗಿ ಹೋಗಿ ಪ್ರಿನ್ಸಿಪಾಲರ ಮುಂದೆ ಕೂತು ಮಾತಾಡುವ ಒಬ್ಬರು ಬೇಕು. ನಮ್ಮಪ್ಪ ಅಮ್ಮ ಬಂದಿದ್ದರು. ಹೊರಗೆ ಬೆಂಚಿನ ಮೇಲೆ ಸಂಜೆವರೆಗೆ ಕೂರಿಸಿ ಕಳಿಸಿದರು.

ಇನ್ನೊಂದು. ಫೋಟೋ ತೆಗೆಯಬೇಡಿ. ಚೆಕ್ಕಿನ ಜೊತೆ ನಿಲ್ಲಿಸಬೇಡಿ. ನಮ್ಮ ಟೀಚರ್ ಯಾರಿಗೂ ಹೇಳಿರಲಿಲ್ಲ, ಅದಕ್ಕೇ ನಾನು ಕ್ಲಾಸಿನಲ್ಲಿ ಉಳಿದವರ ಹಾಗೇ ತಲೆ ಎತ್ತಿ ಕೂತಿದ್ದೆ.

ನಾಗರಹೊಳೆ_ಅಂಚು:

ಅಕ್ಕ, ನಿಮ್ಮ ಮಾತಿಗೆ ಎದುರು ಹೇಳುತ್ತಿಲ್ಲ. ನಾನೂ ಜೇನುಕುರುಬರ ಹುಡುಗ, ಡಿಪ್ಲೊಮಾ ಮಾಡಿದ್ದೇನೆ. ಆದರೆ ನಮ್ಮ ಹಾಡಿಯಲ್ಲಿ ನೋಡಿದರೆ ಈಗ ಹುಡುಗರೇ ಜಾಸ್ತಿ ಬಿಡುತ್ತಿದ್ದಾರೆ. ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಕೂಲಿ ರುಚಿ ಹತ್ತುತ್ತದೆ, ಕುಡಿತ ಹತ್ತುತ್ತದೆ. ನನ್ನ ತಮ್ಮನೇ ಹಾಗೆ ಹೋದ. ಹುಡುಗಿಯರಿಗೆ ಮಾತ್ರ ಅಂದಾಗ ಅವನಂಥವರನ್ನು ಯಾರು ನೋಡುತ್ತಾರೆ ಅಂತ ಸಂಕಟ ಆಗುತ್ತದೆ.

ಇನ್ನೊಂದು ಮಾತು ದುಡ್ಡು ಕೊಡುವವರು ತಿಳಿದಿರಬೇಕು. ಎಸ್‌ಟಿ ಅಂದರೆ ಎಲ್ಲ ಒಂದೇ ಅಲ್ಲ. 2011ರ ಲೆಕ್ಕದಲ್ಲಿ ರಾಜ್ಯದ ಪರಿಶಿಷ್ಟ ವರ್ಗದವರು ಸುಮಾರು 42 ಲಕ್ಷ. ಅದರಲ್ಲಿ ನಾವು ಜೇನುಕುರುಬರು 36 ಸಾವಿರದಷ್ಟು, ಕರಾವಳಿಯ ಕೊರಗರು 15 ಸಾವಿರಕ್ಕೂ ಕಡಿಮೆ. ಕರ್ನಾಟಕದಲ್ಲಿ ಅತಿ ದುರ್ಬಲ ಬುಡಕಟ್ಟು ಅಂತ ಗುರುತಿಸಿರುವುದು ನಮ್ಮಿಬ್ಬರನ್ನೇ. 2022ರಲ್ಲಿ ಮೀಸಲಾತಿ ಮೂರರಿಂದ ಏಳು ಪರ್ಸೆಂಟ್ ಆಯಿತು, ಸಂತೋಷ. ಆದರೆ ಸೀಟಿನ ಪಟ್ಟಿ ನೋಡಿದರೆ ಕಾಡಿನೊಳಗಿನವರ ಹೆಸರು ಹುಡುಕಬೇಕು. ನೀವು ಸುಮ್ನೆ "ಎಸ್‌ಟಿ ಹೆಣ್ಣುಮಕ್ಕಳಿಗೆ" ಅಂತ ಪ್ರಕಟಣೆ ಕೊಟ್ಟರೆ ಹಾಡಿಯವರೆಗೆ ಸುದ್ದಿಯೇ ಬರುವುದಿಲ್ಲ, ಪೇಟೆಯಲ್ಲಿರುವವರೇ ಅರ್ಜಿ ಹಾಕುತ್ತಾರೆ.

ಸಂಪಿಗೆ_ಪೋಡು:

ತಮ್ಮ, ನಿನ್ನ ತಮ್ಮನ ವಿಷಯ ಓದಿ ಬೇಜಾರಾಯಿತು. ನನ್ನ ಚಿಕ್ಕಪ್ಪನ ಮಗನೂ ಹಾಗೇ. ಕುಡಿತದ ವಿಷಯಕ್ಕೆ ಬೇರೆ ಥರದ ಕೆಲಸ ಬೇಕು, ಒಂಬತ್ತು ಜನರ ಸಾವಿರ ರೂಪಾಯಿಂದ ಅದು ಆಗುವುದಿಲ್ಲ. ಆದರೆ ಲೆಕ್ಕ ಒಂದು ಸಲ ನೋಡು. ಅದೇ 2011ರಲ್ಲಿ ನಮ್ಮ ರಾಜ್ಯದ ಎಸ್‌ಟಿ ಗಂಡಸರಲ್ಲಿ ನೂರಕ್ಕೆ 71 ಜನ ಓದು ಬರಹ ಬಲ್ಲವರು, ಹೆಂಗಸರಲ್ಲಿ 53. ಆ 18ರ ಅಂತರ ಈಗಿನ ಹುಡುಗಿಯರ ಅಮ್ಮಂದಿರದ್ದು. ಓದಿದ ಅಮ್ಮ ಇದ್ದಿದ್ದರೆ ನಿನ್ನ ತಮ್ಮನನ್ನು ಒಂಬತ್ತನೇ ಕ್ಲಾಸಿನಲ್ಲಿ ಹಿಡಿದು ನಿಲ್ಲಿಸುತ್ತಿದ್ದಳೋ ಏನೋ, ನನಗೆ ಹಾಗೆ ಅನ್ನಿಸುತ್ತದೆ. ಎರಡನೇದಾಗಿ ನೀನು ಹೇಳಿದ್ದು ನೂರಕ್ಕೆ ನೂರು ಸರಿ. ಪ್ರಕಟಣೆ ಬೇಡ. ಹಾಡಿಗೆ ಹೋಗಿ, ಯಜಮಾನರ ಹತ್ತಿರ, ಅಂಗನವಾಡಿಯವರ ಹತ್ತಿರ ಕೇಳಿ ಹುಡುಕಬೇಕು.

ಯಲ್ಲಾಪುರದವಳು:

ನಾನು ಸಿದ್ದಿ ಸಮುದಾಯದವಳು, ಉತ್ತರ ಕನ್ನಡ. ಸ್ಕಾಲರ್‌ಶಿಪ್‌ನಿಂದ ಏನಾಗುತ್ತದೆ ಅಂತ ಯಾರಾದರೂ ಕೇಳಿದರೆ ನಾನು ನಮ್ಮ ಮನೆಯನ್ನೇ ತೋರಿಸುತ್ತೇನೆ.

ನಮ್ಮ ದೊಡ್ಡಕ್ಕ 1999ರಲ್ಲಿ ಹತ್ತನೇ ಕ್ಲಾಸ್ ಪಾಸಾದಳು. ನನಗಿಂತ ಬುದ್ಧಿವಂತೆ, ಇದನ್ನು ನಾನು ಪ್ರೀತಿಗೆ ಹೇಳುತ್ತಿಲ್ಲ, ನನಗೆ ಲೆಕ್ಕ ಹೇಳಿಕೊಟ್ಟವಳೇ ಅವಳು. ಆಗ ಸಿದ್ದಿಯರು ಎಸ್‌ಟಿ ಪಟ್ಟಿಯಲ್ಲಿ ಇರಲಿಲ್ಲ. ಹಾಸ್ಟೆಲ್ ಸೀಟು ಸಿಗಲಿಲ್ಲ. ಅಪ್ಪ ಒಂದು ಕಡೆ ಮನೆಗೆಲಸಕ್ಕೆ ಬಿಟ್ಟರು, ಅಲ್ಲಿಂದಲೇ ಕಾಲೇಜಿಗೆ ಕಳಿಸುತ್ತಾರೆ ಅಂತ ಮಾತಾಗಿತ್ತು. ಕಳಿಸಲಿಲ್ಲ. 2003ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಸಿದ್ದಿಯರನ್ನು ಪಟ್ಟಿಗೆ ಸೇರಿಸಿದರು. ನಾನು ಹತ್ತನೇ ಕ್ಲಾಸ್ ಮುಗಿಸಿದ್ದು ಅದಾದ ಮೇಲೆ. ನನಗೆ ಹಾಸ್ಟೆಲ್ ಸಿಕ್ಕಿತು, ಪೋಸ್ಟ್ ಮೆಟ್ರಿಕ್ ಸಿಕ್ಕಿತು, ಎಂ.ಎ. ಮಾಡಿದೆ, ಈಗ ಅತಿಥಿ ಉಪನ್ಯಾಸಕಿ. ಒಂದೇ ಒಲೆಯ ಅನ್ನ ಉಂಡ ಇಬ್ಬರು. ಅಕ್ಕ ಈಗಲೂ ಅಡಿಕೆ ತೋಟದ ಕೆಲಸಕ್ಕೆ ಹೋಗುತ್ತಾಳೆ.

ಗುಡ್ಡದ ಆಚೆ ಕಲಘಟಗಿ, ಖಾನಾಪುರ ಕಡೆಯೂ ನಮ್ಮವರಿದ್ದಾರೆ, ನಮ್ಮ ಸೋದರತ್ತೆಯ ಮಕ್ಕಳು ಅಲ್ಲೇ. ಜಿಲ್ಲೆ ಧಾರವಾಡ, ಬೆಳಗಾವಿ ಆಯಿತು ಅನ್ನುವ ಒಂದೇ ಕಾರಣಕ್ಕೆ ಅವರಿಗೆ 2020ರವರೆಗೆ ಕಾಯಬೇಕಾಯಿತು. ಹದಿನೇಳು ವರ್ಷ. ಅಷ್ಟರಲ್ಲಿ ಎಷ್ಟು ಹುಡುಗಿಯರ ವಯಸ್ಸು ಮೀರಿತು ಅಂತ ಲೆಕ್ಕ ಹಾಕಿ ನೋಡಿ.

ಮುಂದೆ ಓದುವವರಿಗೆ ದಾರಿ ಇದೆ, ಅದನ್ನು ಹುಡುಗಿಯರಿಗೆ ಮೊದಲೇ ಹೇಳಿಡಿ. ಪಿಎಚ್‌.ಡಿ. ಮಾಡುವ ಎಸ್‌ಟಿ ವಿದ್ಯಾರ್ಥಿಗಳಿಗೆ ಕೇಂದ್ರದ ನ್ಯಾಷನಲ್ ಫೆಲೋಶಿಪ್ ವರ್ಷಕ್ಕೆ 750. ಹೊರದೇಶದಲ್ಲಿ ಓದಲು ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇಡೀ ದೇಶಕ್ಕೆ ವರ್ಷಕ್ಕೆ 20 ಮಾತ್ರ, ಅದರಲ್ಲಿ ಮೂರು ಜೇನುಕುರುಬ, ಕೊರಗರಂಥ ಅತಿ ದುರ್ಬಲ ಬುಡಕಟ್ಟುಗಳಿಗೆ. ಇಪ್ಪತ್ತು ಅನ್ನುವುದು ತೀರಾ ಅನ್ಯಾಯ ಅಂತ ನನ್ನ ಅಭಿಪ್ರಾಯ. ಆದರೂ ಇದೆ ಅನ್ನುವುದೇ ನನಗೆ ಎಂ.ಎ. ಮುಗಿಯುವವರೆಗೆ ಗೊತ್ತಿರಲಿಲ್ಲ. ನಿಮ್ಮ ಪಕ್ಕದ ವಯನಾಡಿನ ಶ್ರೀಧನ್ಯಾ ಸುರೇಶ್ ಕೂಡ ಆದಿವಾಸಿ ಕುರಿಚ್ಯ ಸಮುದಾಯದವರು, 2018ರ ಯುಪಿಎಸ್‌ಸಿಯಲ್ಲಿ 410ನೇ ರ‍್ಯಾಂಕ್ ಬಂತು, ಕೇರಳದ ಆದಿವಾಸಿ ಹೆಣ್ಣುಮಕ್ಕಳಲ್ಲಿ ಅವರೇ ಮೊದಲು. ಎಚ್.ಡಿ. ಕೋಟೆಯ ಹಾಡಿಗೂ ಅವರ ಊರಿಗೂ ನಡುವೆ ಇರುವುದು ಒಂದು ಕಾಡು. ಆ ಫೋಟೋ ಹಾಸ್ಟೆಲ್ ಗೋಡೆಗೆ ಹಾಕಿ.

ಕೊನೆಗೆ ಒಂದು ಕೇಳಿಕೆ. ಓದು ಬಿಟ್ಟು ಮೂರು ನಾಲ್ಕು ವರ್ಷ ಆದವರನ್ನೂ ನೋಡಿ. ಎಲ್ಲ ಸ್ಕಾಲರ್‌ಶಿಪ್‌ಗಳೂ ಈಗ ಓದುತ್ತಿರುವವರಿಗೆ. ನಮ್ಮಕ್ಕನಂಥವರಿಗೆ ಒಂದೂ ಇಲ್ಲ.

ಕಪಿಲಾ_ತೀರ:

ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಧನ್ಯವಾದ. ನಿಮ್ಮ ಮಾತುಗಳನ್ನೆಲ್ಲ ಗೆಳತಿಯರ ಗುಂಪಿಗೆ ಓದಿ ಹೇಳಿದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ತೀರ್ಮಾನ ಆಗಿರುವುದು ಇಷ್ಟು. ಅಂಕ ನೋಡುವುದಿಲ್ಲ, ಕಾರ್ಯಕ್ರಮ ಇಲ್ಲ, ಫೋಟೋ ಇಲ್ಲ. ಈ ವರ್ಷ ಮೂವರು. ಜೂನ್‌ನಲ್ಲಿ 5,000, ಆಮೇಲೆ ತಿಂಗಳಿಗೆ ಸಾವಿರ, ಅವಳ ಖಾತೆಗೇ. ಉಳಿಯುವ ದುಡ್ಡು ಪರೀಕ್ಷೆ-2 ಬರೆಯುವವರಿಗೆ ಒಂದು ತಿಂಗಳ ಊಟ, ಪಾಠಕ್ಕೆ. ನಾನು ಮೇ ಎರಡನೇ ವಾರ ರಜೆ ಹಾಕಿ ಹುಣಸೂರಿಗೆ ಬರುತ್ತೇನೆ, ಗ್ರಾಮ ಒನ್ ಸರ್, ನಿಮ್ಮ ಅಂಗಡಿಯಲ್ಲಿ ಒಂದು ಕುರ್ಚಿ ಕೊಡಿ ಸಾಕು.

ಇನ್ನೊಂದು ಹೇಳಬೇಕು. ಮೊನ್ನೆ ಭಾನುವಾರ ಮತ್ತೆ ಆ ಹಾಡಿಗೆ ಹೋಗಿದ್ದೆ. ಆ ಹುಡುಗಿ ಸಿಕ್ಕಳು. ಈ ಸಲ ಪೂರ್ತಿ ಕೇಳಿದೆ. ಕಾಲೇಜು ಸೇರಿದಾಗ ಹಾಸ್ಟೆಲ್ ಪಟ್ಟಿ ಬಂದಿರಲಿಲ್ಲವಂತೆ. ಅಲ್ಲಿಯವರೆಗೆ ಅಂತ ಪೇಟೆಯಲ್ಲಿ ನೆಂಟರ ಮನೆಯಲ್ಲಿದ್ದಳು. ಅಲ್ಲಿ ಏನೋ ಸರಿ ಬರಲಿಲ್ಲ, ಅದನ್ನು ಅವಳು ಹೇಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಆಗಸ್ಟ್‌ನಲ್ಲಿ ಹಾಡಿಗೆ ವಾಪಸ್ ಬಂದಳು. ಪಟ್ಟಿ ಬಂದಿದ್ದು ಆಮೇಲೆ. ಅವಳ ಹೆಸರು ಅದರಲ್ಲಿ ಇತ್ತು. ಅವಳಿಗೆ ಅದು ಗೊತ್ತಾಗಿದ್ದು ದೀಪಾವಳಿ ಹೊತ್ತಿಗೆ, ಜೊತೆಗೆ ಓದುತ್ತಿದ್ದ ಹುಡುಗಿ ಊರಿಗೆ ಬಂದಾಗ.

ವಾರ್ಡನ್ ಅಮ್ಮ, ಅವಳಿಗೆ ಈಗ 17. ಟಿಸಿ ಇನ್ನೂ ಆ ಕಾಲೇಜಿನಲ್ಲೇ ಇದೆ. ಹಾಜರಿ ಇಲ್ಲ ಅಂತ ಹೆಸರು ತೆಗೆದಿದ್ದಾರೆ. ಈ ಜೂನ್‌ಗೆ ಮತ್ತೆ ಸೇರಿಸಬಹುದಾ?

ನಿವೃತ್ತ_ವಾರ್ಡನ್:

ಬಹುದು ತಂಗಿ. ಒಂದು ವರ್ಷ ಹೋಯಿತು ಅಷ್ಟೇ, ಅವಳಂಥವರನ್ನು ನಾನು ಮತ್ತೆ ಸೇರಿಸಿದ್ದೇನೆ. ಏಪ್ರಿಲ್ ಮುಗಿಯುವುದರೊಳಗೆ ಟಿಸಿ ಮತ್ತು ಮಾರ್ಕ್ಸ್ ಕಾರ್ಡ್ ಎರಡನ್ನೂ ಬಿಡಿಸಿಕೊಳ್ಳಿ. ಒಬ್ಬರೇ ಹೋಗಬೇಡಿ, ನಾನು ಬರುತ್ತೇನೆ. ಹಾಸ್ಟೆಲ್‌ಗೆ ಹೊಸದಾಗಿ ಅರ್ಜಿ ಹಾಕಬೇಕು, ಹೋದ ವರ್ಷದ್ದು ನಡೆಯುವುದಿಲ್ಲ. ಪಟ್ಟಿ ಬರುವವರೆಗೆ ನಮ್ಮ ಮನೆಯಲ್ಲಿ ಇರಲಿ. ಹುಣಸೂರಿನಲ್ಲೇ ಮನೆ, ನಾನು ಮತ್ತು ನನ್ನ ಅತ್ತೆ ಇಬ್ಬರೇ ಇರುವುದು, ಕಾಲೇಜಿಗೆ ನಡೆದುಕೊಂಡು ಹೋಗಬಹುದು. ಅವಳ ಅಮ್ಮನನ್ನು ಒಂದು ಸಲ ಕರೆದುಕೊಂಡು ಬಂದು ಮನೆ ತೋರಿಸಿ. ಅವರು ನೋಡಿ ಒಪ್ಪಲಿ.